ಡಿಸ್ಟ್ರೋಫಿನ್ ಆಂಟಿಬಾಡಿ: ಹಿಡಿಯುವುದು ಯಾವ ಭಾಗವನ್ನು?

ಮಾನಸಗಂಗೋತ್ರಿಯಲ್ಲಿ ಬಯೋಕೆಮಿಸ್ಟ್ರಿ, ಬಯೋಟೆಕ್ನಾಲಜಿ ಓದುತ್ತಿರುವವರಿಗೆ, ಮಂಡ್ಯದಿಂದ ದಿನಾ ರೈಲಿನಲ್ಲಿ ಬಂದು ಹೋಗುವ ಗೆಳೆಯರಿಗೂ ಸೇರಿ ಈ ಟಿಪ್ಪಣಿ. ಪರೀಕ್ಷೆಗೆ ಆಂಟಿಬಾಡಿಯ (ಗೊತ್ತಾದ ಒಂದು ಪ್ರೋಟೀನನ್ನು ಹುಡುಕಿ ಹಿಡಿಯುವ ಅಣು) ವೈ ಆಕಾರ ಬಿಡಿಸಿದರೆ ಅಂಕ ಸಿಗುತ್ತದೆ. ಲ್ಯಾಬ್‌ನಲ್ಲಿ ಅಷ್ಟು ಸಾಲದು. ಟ್ಯೂಬ್ ಕೈಗೆ ಬಂದ ಕೂಡಲೇ ಕೇಳಬೇಕಾದ್ದು ಒಂದೇ: ಇದು ಪ್ರೋಟೀನಿನ ಯಾವ ಭಾಗವನ್ನು ಹಿಡಿಯುತ್ತದೆ? ಡೇಟಾಶೀಟಿನಲ್ಲಿ 'ಎಪಿಟೋಪ್' (ಆಂಟಿಬಾಡಿ ಹಿಡಿಯುವ ಜಾಗ) ಅಥವಾ 'ಇಮ್ಯುನೋಜೆನ್' (ಆಂಟಿಬಾಡಿ ತಯಾರಿಸಲು ಪ್ರಾಣಿಗೆ ಚುಚ್ಚಿದ ತುಣುಕು) ಅಂತ ಒಂದು ಸಾಲು ಇರುತ್ತದೆ. ಬೆಲೆ, ಡೈಲ್ಯೂಷನ್ ನೋಡುವ ಮೊದಲು ಅದನ್ನು ಓದಿ.

ಡಿಸ್ಟ್ರೋಫಿನ್ ತೆಗೆದುಕೊಂಡರೆ ಇದು ಚೆನ್ನಾಗಿ ಅರ್ಥವಾಗುತ್ತದೆ. ಈ ಪ್ರೋಟೀನ್ ಇರುವುದು ಸ್ನಾಯು ಕೋಶದ ಪೊರೆಯ ಒಳಮಗ್ಗುಲಲ್ಲಿ. ಎನ್ ತುದಿ (ಪ್ರೋಟೀನ್ ಸರಪಳಿಯ ಆರಂಭ) ಒಳಗಿನ ಆಕ್ಟಿನ್ ಹಿಡಿದಿದೆ, ಸಿ ತುದಿಯ (ಸರಪಳಿಯ ಕೊನೆ) ಕಡೆ ಪೊರೆಯ ಪ್ರೋಟೀನುಗಳಿಗೆ ಕಚ್ಚಿಕೊಂಡಿದೆ, ನಡುವೆ ಉದ್ದನೆಯ ರಾಡ್. ಸ್ನಾಯು ಬಿಗಿದು ಸಡಿಲವಾಗುವಾಗ ಪೊರೆ ಹರಿಯದಂತೆ ಕಾಯುತ್ತದೆ. ಜೀನ್ ಎಕ್ಸ್ ಕ್ರೋಮೋಸೋಮಿನಲ್ಲಿದೆ, 79 ಎಕ್ಸಾನ್‌ಗಳು (ಪ್ರೋಟೀನಿನ ಸೂಚನೆ ಇರುವ ತುಂಡುಗಳು). ಪ್ರೋಟೀನ್ ಪತ್ತೆಯಾದದ್ದು 1987ರಲ್ಲಿ. ಸ್ನಾಯು ಕ್ಷಯಿಸುವ ಡುಶೆನ್ ಕಾಯಿಲೆಯಲ್ಲಿ ಇದು ಹೆಚ್ಚುಕಡಿಮೆ ಇರುವುದೇ ಇಲ್ಲ. ಅದರ ಸೌಮ್ಯ ರೂಪವಾದ ಬೆಕರ್‌ನಲ್ಲಿ ಇರುತ್ತದೆ, ಆದರೆ ಮೊಟಕಾಗಿ ಅಥವಾ ಕಡಿಮೆ.

ಈಗ ಬೆಕರ್ ಇರುವ ಒಬ್ಬ ಹುಡುಗನ ಸ್ನಾಯುವಿನ ತುಣುಕು ನಮ್ಮ ಮುಂದಿದೆ ಅಂದುಕೊಳ್ಳಿ. ಅವನ ಜೀನಿನಲ್ಲಿ ರಾಡ್‌ನ ಒಂದು ಭಾಗ ಬಿಟ್ಟುಹೋಗಿದೆ. ನಮ್ಮ ಆಂಟಿಬಾಡಿ ಹಿಡಿಯುವುದು ಸರಿಯಾಗಿ ಅದೇ ಭಾಗವನ್ನು. ಆಂಟಿಬಾಡಿ ಕೂತಲ್ಲಿ ಮಾತ್ರ ಹೊಳಪು ಬರುವುದರಿಂದ ಸೆಕ್ಷನ್ (ಸ್ನಾಯುವಿನ ತೆಳು ಚೂರು) ಪೂರ್ತಿ ಕತ್ತಲು! 'ಡಿಸ್ಟ್ರೋಫಿನ್ ಇಲ್ಲ' ಎಂದು ಬರೆದುಬಿಟ್ಟರೆ ಬೆಕರ್ ಹೋಗಿ ಡುಶೆನ್ ಆಗುತ್ತದೆ. ಆ ಮನೆಯವರ ಪಾಲಿಗೆ ಇವೆರಡೂ ಒಂದೇ ಅಲ್ಲ. ಅದಕ್ಕೇ ಡಿಸ್-1, ಡಿಸ್-2, ಡಿಸ್-3 ಎಂಬ ಮೂರು ಆಂಟಿಬಾಡಿಗಳನ್ನೂ ಜೊತೆಯಲ್ಲಿ ಬಳಸುವುದು. ಮೊದಲನೆಯದು ರಾಡ್, ಎರಡನೆಯದು ಸಿ ತುದಿ, ಮೂರನೆಯದು ಎನ್ ತುದಿ ಹಿಡಿಯುತ್ತದೆ. ಇನ್ನೊಂದು ಮಾತು: 'ಸಂಶೋಧನೆಗೆ ಮಾತ್ರ' ಎಂದಿರುವ ಟ್ಯೂಬ್ ರೋಗಿಯ ರಿಪೋರ್ಟಿಗೆ ಅಲ್ಲ.

ಆರೋಗ್ಯವಂತ ಸ್ನಾಯುವಿನ ಅಡ್ಡ ಸೆಕ್ಷನ್ ನೋಡಲು ಬಲು ಚೆಂದ. ಪ್ರತಿ ನಾರಿನ ಅಂಚು ಮಾತ್ರ ಹೊಳೆಯುತ್ತದೆ, ಜೇನುಗೂಡಿನ ಕಣ್ಣುಗಳ ಹಾಗೆ. ಒಳಗೆಲ್ಲ ಕಪ್ಪು. ಒಳಗೂ ಹೊಳೆದರೆ ಬ್ಯಾಕ್‌ಗ್ರೌಂಡ್ ಜಾಸ್ತಿಯಾಗಿದೆ ಎಂಬ ಅನುಮಾನ ಬರಬೇಕು. ಅಂಚು ಕಾಣದಿದ್ದರೆ ಪೊರೆಯೇ ಹಾಳಾಗಿದೆಯೋ, ಡಿಸ್ಟ್ರೋಫಿನ್ ಇಲ್ಲವೋ? ಪಕ್ಕದ ಸೆಕ್ಷನ್ನಿಗೆ ಪೊರೆಯ ಇನ್ನೊಂದು ಪ್ರೋಟೀನಾದ ಸ್ಪೆಕ್ಟ್ರಿನ್‌ನ ಆಂಟಿಬಾಡಿ ಹಾಕಿದರೆ ತಿಳಿಯುತ್ತದೆ. ಡುಶೆನ್ ಸ್ಲೈಡಿನಲ್ಲೂ ಅಲ್ಲೊಂದು ಇಲ್ಲೊಂದು ನಾರು ಹೊಳೆಯಬಹುದು. ಅದನ್ನು ಕೊಳೆ ಅಂತ ಸುಮ್ನೆ ತಳ್ಳಿಹಾಕಬೇಡಿ. ರಿವರ್ಟಂಟ್ ನಾರುಗಳು ಅವು: ಆ ನಾರುಗಳಲ್ಲಿ ಕೆಟ್ಟ ಎಕ್ಸಾನ್ ದಾಟಿ ಓದು ಮತ್ತೆ ಸರಿಹೋಗಿ, ಮೊಟಕು ಡಿಸ್ಟ್ರೋಫಿನ್ ತಯಾರಾಗಿರುತ್ತದೆ.

ವೆಸ್ಟರ್ನ್ ಬ್ಲಾಟ್‌ನಲ್ಲಿ (ಪ್ರೋಟೀನುಗಳನ್ನು ಜೆಲ್‌ನಲ್ಲಿ ಗಾತ್ರದ ಪ್ರಕಾರ ಬಿಡಿಸಿ, ಹಾಳೆಗೆ ಟ್ರಾನ್ಸ್‌ಫರ್ ಮಾಡಿ, ಆಂಟಿಬಾಡಿಯಿಂದ ಹುಡುಕುವ ವಿಧಾನ) ಕಷ್ಟ ಕೊಡುವುದು ಗಾತ್ರ. 427 ಕಿಲೋಡಾಲ್ಟನ್ ಪ್ರೋಟೀನ್ 10% ಜೆಲ್‌ನಲ್ಲಿ ಬಾವಿಯ ಬಾಯಲ್ಲೇ ಕೂರುತ್ತದೆ. 3ರಿಂದ 8% ಗ್ರೇಡಿಯಂಟ್ ಜೆಲ್ ಬೇಕು. ಟ್ರಾನ್ಸ್‌ಫರ್ ತಣ್ಣಗೆ, ನಿಧಾನವಾಗಿ, ರಾತ್ರಿಯಿಡೀ ಆದರೆ ಒಳ್ಳೆಯದು. ಬಫರಿನಲ್ಲಿ ಮೆಥನಾಲ್ ಕಮ್ಮಿ ಇರಲಿ. ಅನೇಕ ಮಾರ್ಕರ್‌ಗಳು (ಗಾತ್ರ ಅಳೆಯಲು ಜೊತೆಗೆ ಓಡಿಸುವ ಪ್ರೋಟೀನುಗಳು) 250ಕ್ಕೇ ನಿಲ್ಲುತ್ತವೆ, ಅವು ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಬೇರೆ ಅಂಗಾಂಶದಲ್ಲಿ 71ರ ಹತ್ತಿರ ಬ್ಯಾಂಡ್ ಬಂದರೆ ಗಾಬರಿ ಬೇಡ. ಅದೇ ಜೀನಿನಿಂದ ಡಿಪಿ71 ಎಂಬ ಗಿಡ್ಡ ರೂಪವೂ ತಯಾರಾಗುತ್ತದೆ. ಅದಕ್ಕೆ ಎನ್ ತುದಿಯೂ ಇಲ್ಲ, ರಾಡೂ ಇಲ್ಲ. ಹಾಗಾಗಿ ಸಿ ತುದಿಯ ಕಡೆ ಹಿಡಿಯುವ ಆಂಟಿಬಾಡಿಗೆ ಮಾತ್ರ ಅದು ಸಿಗುತ್ತದೆ.

ನೆಗೆಟಿವ್ ಕಂಟ್ರೋಲಿಗೆ ಡಿಸ್ಟ್ರೋಫಿನ್ ಇಲ್ಲದ ಎಂಡಿಎಕ್ಸ್ ಇಲಿಯ ಸ್ನಾಯು ಸಿಕ್ಕರೆ ಅದೃಷ್ಟ. ಅದರ 23ನೇ ಎಕ್ಸಾನ್‌ನಲ್ಲಿ ಓದು ನಿಲ್ಲಿಸುವ ಸ್ಟಾಪ್ ಕೋಡಾನ್ ಬಂದುಬಿಟ್ಟಿದೆ. ಆದರೆ ಡಿಸ್ ಸರಣಿಯ ಆಂಟಿಬಾಡಿಗಳೂ ಇಲಿಯಿಂದಲೇ ಬಂದವು. ಇಲಿಯ ಸ್ನಾಯುವಿನಲ್ಲಿ ಮೊದಲೇ ಇರುವ ಇಮ್ಯುನೋಗ್ಲಾಬ್ಯುಲಿನ್‌ಗೂ (ಇಲಿಯದೇ ಆಂಟಿಬಾಡಿ) ಸೆಕೆಂಡರಿ (ನಾವು ಹಾಕಿದ ಮೊದಲ ಆಂಟಿಬಾಡಿ, ಅಂದರೆ ಪ್ರೈಮರಿಯನ್ನು ಹಿಡಿದು ಹೊಳೆಯುವ ಎರಡನೇ ಆಂಟಿಬಾಡಿ) ಅಂಟಿಕೊಳ್ಳುತ್ತದೆ. ಎಂಡಿಎಕ್ಸ್‌ನಲ್ಲಿ ಸತ್ತ ನಾರುಗಳೊಳಗೆ ಆ ಇಮ್ಯುನೋಗ್ಲಾಬ್ಯುಲಿನ್ ನುಗ್ಗಿರುವುದರಿಂದ ಇನ್ನೂ ಜಾಸ್ತಿ. ಇಲಿ ಸ್ನಾಯುವಿಗೆ ಮೊಲದಲ್ಲಿ ತಯಾರಿಸಿದ ಆಂಟಿಬಾಡಿ ಆರಿಸಿ, ಪ್ರೈಮರಿ ಹಾಕದ ಒಂದು ಸ್ಲೈಡನ್ನೂ ಜೊತೆಗೆ ಇಡಿ.