ಕಾಲುಚೀಲದ ಚಾಕು ಹೊರಗೆ ಬರುವುದುಂಟೇ?

ಸ್ಕಾಟ್ಲೆಂಡಿನ ಗ್ಲಾಸ್ಗೋದ ನಮ್ಮ ಅಂಗಡಿಗೆ ಕಿಲ್ಟ್, ಅಂದರೆ ಇಲ್ಲಿನ ಗಂಡಸರು ತೊಡುವ ನೆರಿಗೆಯ ಲಂಗ, ಹೊಲಿಸಲು ಬರುವವರು ಬಟ್ಟೆಯ ಬಗ್ಗೆ ಗಂಟೆಗಟ್ಟಲೆ ವಿಚಾರಿಸುತ್ತಾರೆ. ಯಾವ ಟಾರ್ಟನ್ (ಬಣ್ಣದ ಚೌಕಳಿ ನೇಯ್ಗೆ), ನೆರಿಗೆಯಲ್ಲಿ ಪಟ್ಟೆ ಹೇಗೆ ಕೂರಬೇಕು, ಅಂಚು ಮಂಡಿಯ ಎಲ್ಲಿಗೆ ನಿಲ್ಲಬೇಕು, ಎಲ್ಲವೂ ಬೇಕು. ಹಣ ಕೊಡುವ ಹೊತ್ತಿಗೆ ಮಾತ್ರ ಗಾಜಿನ ಪೆಟ್ಟಿಗೆಯತ್ತ ಬೆರಳು ತೋರಿಸಿ, ‘ಆ ಹಳದಿ ಕಲ್ಲಿನ ಚಾಕು ಒಂದು ಕೊಟ್ಟುಬಿಡಿ’ ಎನ್ನುತ್ತಾರೆ. ಅಲ್ಲಿ ನಾನು ಅವರನ್ನು ಸ್ವಲ್ಪ ತಡೆಯುತ್ತೇನೆ. ಈ ಚಾಕು ನಿಮ್ಮ ಕಾಲುಚೀಲದಿಂದ ಎಂದಾದರೂ ಹೊರಗೆ ಬರುವುದುಂಟೇ ಎಂದು ಕೇಳುತ್ತೇನೆ. ಉತ್ತರ ಸಿಕ್ಕಿದರೆ ಅರ್ಧ ಆಯ್ಕೆ ಮುಗಿದಂತೆ.

ಕಿಲ್ಟ್ ತೊಟ್ಟಾಗ ಕಾಲುಚೀಲಕ್ಕೆ ಸಿಕ್ಕಿಸಿಕೊಳ್ಳುವ ಈ ಸಣ್ಣ ಚಾಕುವಿನ ಹೆಸರು ಸ್ಕೀಯನ್ ಡೂ. ಸ್ಕಾಟ್ಲೆಂಡಿನ ಗೇಲಿಕ್ ಭಾಷೆಯಲ್ಲಿ ಕಪ್ಪು ಚಾಕು ಎಂದರ್ಥ. ಹಿಡಿಯ ಮರ ಕಪ್ಪಾದ್ದರಿಂದ ಆ ಹೆಸರು ಎನ್ನುವವರಿದ್ದಾರೆ, ಕಪ್ಪು ಎಂದರೆ ಇಲ್ಲಿ ಬಚ್ಚಿಟ್ಟದ್ದು ಎನ್ನುವವರೂ ಇದ್ದಾರೆ. ಅತಿಥಿಯು ದೊಡ್ಡ ಆಯುಧಗಳನ್ನು ಬಾಗಿಲಲ್ಲೇ ಬಿಟ್ಟು, ಕಂಕುಳಲ್ಲಿ ಅಡಗಿಸಿಟ್ಟ ಸಣ್ಣ ಚಾಕುವನ್ನು ಮನೆಯವರ ಕಣ್ಣಿಗೆ ಬೀಳುವಂತೆ ಕಾಲುಚೀಲಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದ ಎಂಬ ಕಥೆ ಸ್ಕಾಟ್ಲೆಂಡಿನ ಬೆಟ್ಟಸೀಮೆಯಾದ ಹೈಲ್ಯಾಂಡ್ಸ್‌ನಲ್ಲಿ ಪ್ರಚಲಿತವಾಗಿದೆ. ಬೇಟೆಯಾಡಿದ ಜಿಂಕೆಯ ಚರ್ಮ ಸುಲಿಯುವ ಸಣ್ಣ ಚಾಕುವಿನಿಂದ ಇದು ಬಂತು ಎಂಬ ಮಾತೂ ಇದೆ. ಚಿತ್ರಕಾರ ಹೆನ್ರಿ ರೇಬರ್ನ್ 1812ರಲ್ಲಿ ಬರೆದ, ಗ್ಲೆಂಗ್ಯಾರಿಯ ಮ್ಯಾಕ್‌ಡೊನೆಲ್ ಎಂಬ ಹೈಲ್ಯಾಂಡ್ಸ್ ಕುಲನಾಯಕನ ಭಾವಚಿತ್ರ ಎಡಿನ್‌ಬರೋದ ನ್ಯಾಷನಲ್ ಗ್ಯಾಲರಿಯಲ್ಲಿದೆ. ಅದನ್ನು ನೋಡಲು ಹೋದವರು ಮುಖ ನೋಡಿ ಹಿಂದಿರುಗಬಾರದು. ಅವನ ಬಲಗಾಲಿನ ಚೀಲದ ಅಂಚನ್ನು ನೋಡಬೇಕು. ಅಲ್ಲಿ ಚಾಕುವಿನ ಹಿಡಿ ಇಣುಕುತ್ತಿದೆ.

ಈಗ ನನ್ನ ಪ್ರಶ್ನೆಗೆ ಬರುತ್ತೇನೆ. ಮದುವೆಯ ಒಂದು ದಿನಕ್ಕೆ ಬಾಡಿಗೆ ಕಿಲ್ಟ್ ತೊಡುವ ವರನಿಗೆ, ಶಾಲೆಯ ಬೀಳ್ಕೊಡುಗೆ ಸಮಾರಂಭಕ್ಕೆ ಹೊರಟ ಹುಡುಗನಿಗೆ ಅಲಗಿನ ಅಗತ್ಯವೇ ಇಲ್ಲ. ಹೊರಗೆ ಕಾಣುವುದು ಹಿಡಿಯ ಒಂದೆರಡು ಇಂಚು ಮಾತ್ರ. ಕೆಳಗೆ ಪ್ಲಾಸ್ಟಿಕ್ ತುಂಡಿರುವ ಚಾಕುಗಳು ಸಿಗುತ್ತವೆ, ಬಾಡಿಗೆಗೆ ನಾವು ಕೊಡುವುದೂ ಅವನ್ನೇ. ಹದಿನೆಂಟು ತುಂಬದವರಿಗೆ ನಿಜವಾದ ಅಲಗನ್ನು ನಾವು ಮಾರುವಂತೆಯೂ ಇಲ್ಲ. ಇಂಥ ಚಾಕು ಕೊಳ್ಳುವುದರಲ್ಲಿ ಸಂಕೋಚಪಡುವುದು ಏನೂ ಇಲ್ಲ. ಅದು ಆಭರಣ, ಆಭರಣವಾಗಿಯೇ ಚೆನ್ನಾಗಿದೆ.

ನನಗೆ ಬೇಸರ ಈ ಆಭರಣಕ್ಕೂ ನಿಜವಾಗಿ ಕೊಯ್ಯುವ ಚಾಕುವಿಗೂ ನಡುವಿನ ಸರಕಿನ ಮೇಲೆ. ಅಲಗು ಉಕ್ಕಿನದೇ, ಹೊಳೆಯುತ್ತದೆ, ಕಲ್ಲೂ ಇದೆ, ಆದರೆ ಸೇಬು ಹೆಚ್ಚಲೂ ಬಾರದು. ಕೆಲವು ವರ್ಷಗಳ ಹಿಂದೆ ಜನವರಿಯಲ್ಲಿ ಒಬ್ಬ ಯುವಕ ಅಂಥದ್ದೊಂದನ್ನು ನಮ್ಮಲ್ಲೇ ಕೊಂಡು ಹೋದ. ಜನವರಿ 25 ಕವಿ ರಾಬರ್ಟ್ ಬರ್ನ್ಸ್ ಹುಟ್ಟಿದ ದಿನ. ಅಂದಿನ ಭೋಜನಕೂಟದಲ್ಲಿ ಹ್ಯಾಗಿಸ್ ಕುರಿತ ಅವನ ಕವಿತೆಯನ್ನು ಓದುತ್ತಾ, ಚಾಕುವಿನ ಮಾತು ಬರುವ ಸಾಲಿನಲ್ಲಿ ಓದುಗನು ಚಾಕು ಹಿರಿದು ಹ್ಯಾಗಿಸ್ ಅನ್ನು ಸೀಳುತ್ತಾನೆ. ಕುರಿಯ ಜಠರದ ಚೀಲದಲ್ಲಿ ಬಿಗಿಯಾಗಿ ತುಂಬಿ ಬೇಯಿಸಿದ ತಿನಿಸು ಅದು, ಮೊಂಡು ಅಲಗಿಗೆ ಜಾರುತ್ತದೆ. ಅವನ ಅಲಗೂ ಜಾರಿತು. ಬಲ ಹಾಕಿ ಒತ್ತಿದಾಗ ಹಿಡಿಯೊಳಗಿನ ಅಂಟು ಬಿಟ್ಟು ಅಲಗು ತಿರುಗಿಯೇ ಹೋಯಿತು. ಬೆರಳು ಕೊಯ್ದುಕೊಳ್ಳದೆ ಪಾರಾದ. ಮಾರುವ ಮುನ್ನ ಯಾವುದಕ್ಕೆ ಎಂದು ನಾನು ಕೇಳಿರಲಿಲ್ಲ. ಆ ಪ್ರಶ್ನೆ ಅಂದಿನಿಂದ ನನ್ನ ಬಾಯಿಗೆ ಬಂದದ್ದು.

ಹೊರಗೆ ಬರುವ ಚಾಕು ಬೇಕಾದರೆ ಮೊದಲು ಉಕ್ಕು ಹಿಡಿಯೊಳಗೆ ಎಷ್ಟು ದೂರ ಇಳಿದಿದೆ ಎಂದು ಕೇಳಿ. ಅಲಗಿನ ಬಾಲ ಹಿಡಿಯ ತುದಿಯವರೆಗೆ ಹೋಗಿರಬೇಕು, ಇಲ್ಲವೇ ಕನಿಷ್ಠ ಮುಕ್ಕಾಲು ಭಾಗವಾದರೂ ಇಳಿದು ಮೊಳೆಯಿಂದ ಬಿಗಿದಿರಬೇಕು. ಇಲಿಬಾಲದಷ್ಟು ಸಣ್ಣ ಕಡ್ಡಿಯನ್ನು ಅಂಟಿನಲ್ಲಿ ಕೂರಿಸಿದ್ದರೆ ಬೇಡ. ಮಾರುವವನಿಗೆ ಇದು ಗೊತ್ತಿಲ್ಲದಿದ್ದರೆ ಮುಂದಿನ ಅಂಗಡಿಗೆ ನಡೆಯಿರಿ. ಅಲಗು ಮೂರರಿಂದ ಮೂರೂವರೆ ಇಂಚು ಸಾಕು. ಅದಕ್ಕಿಂತ ಉದ್ದವಾದರೆ ಕುಳಿತಾಗ, ಕುಣಿದಾಗ ಕಣಕಾಲಿಗೆ ಒತ್ತುತ್ತದೆ. ಕಾರ್ಬನ್ ಉಕ್ಕು ಸುಲಭವಾಗಿ ಹರಿತವಾಗುತ್ತದೆ, ಅಷ್ಟೇ ಸುಲಭವಾಗಿ ತುಕ್ಕು ಹಿಡಿಯುತ್ತದೆ. ಸ್ಕಾಟ್ಲೆಂಡಿನ ಮಳೆಯಲ್ಲಿ ಒದ್ದೆ ಉಣ್ಣೆಯ ಚೀಲದೊಳಗೆ ದಿನವಿಡೀ ಇರುವ ವಸ್ತು ಇದು. ಆರೈಕೆ ಮಾಡಲು ತಾಳ್ಮೆಯಿಲ್ಲದವರು ಒಳ್ಳೆಯ ಸ್ಟೇನ್‌ಲೆಸ್ ಉಕ್ಕನ್ನೇ ಆರಿಸಲಿ. ಕೈಯಿಂದ ಮಾಡುವ ಕಮ್ಮಾರರು ಅಲಗಿನ ಬೆನ್ನಿನ ಮೇಲೆ ಅರದಿಂದ ಸಾಲಾಗಿ ಕಚ್ಚು ಹಾಕುತ್ತಾರೆ. ಅದು ಹಳೆಯ ಪದ್ಧತಿ. ಆ ಕಚ್ಚುಗಳು ಸಮನಾಗಿವೆಯೇ ಎಂದು ಬೆಳಕಿಗೆ ಹಿಡಿದು ನೋಡುವುದು ನನ್ನ ಅಭ್ಯಾಸ. ಅಲ್ಲಿ ಅವಸರಪಟ್ಟವನು ಬೇರೆ ಕಡೆಯೂ ಅವಸರಪಟ್ಟಿರುತ್ತಾನೆ.

ಕೊಡಗಿನ ಮದುವೆಗಳಲ್ಲಿ ಕುಪ್ಯ ತೊಟ್ಟು, ಕೆಂಪು ಚೇಲೆ ಬಿಗಿದು, ಸೊಂಟಕ್ಕೆ ಪೀಚೆಕತ್ತಿ ಸಿಕ್ಕಿಸುವುದನ್ನು ನೋಡುತ್ತಾ ಬೆಳೆದವನು ನಾನು. ಒರೆಯ ತುಂಬ ಬೆಳ್ಳಿಯ ಕೆಲಸ. ಆದರೂ ನಮ್ಮ ಅಜ್ಜ ಪ್ರತಿ ಮದುವೆಯ ಹಿಂದಿನ ದಿನ ಅದನ್ನು ಹಿರಿದು, ಎಣ್ಣೆ ಸವರಿ, ಹೆಬ್ಬೆರಳಿನಿಂದ ಅಂಚು ಮುಟ್ಟಿ ನೋಡುತ್ತಿದ್ದರು. ಅಲಂಕಾರವೂ ಹರಿತವೂ ಒಂದೇ ವಸ್ತುವಿನಲ್ಲಿ ಇರಬಹುದು ಎಂಬ ನನ್ನ ನಂಬಿಕೆಗೆ ಅದೇ ಮೂಲ. ಆದರೆ ಎರಡಕ್ಕೂ ಹಣ ಸಾಲದಿದ್ದಾಗ ಹಣ ಅಲಗಿಗೆ ಹೋಗಲಿ. ಹಿಡಿ ಸರಳವಾಗಿರಲಿ.

ಹಿಡಿಯ ವಿಷಯ ಉಡುಪಿಗೆ ಸೇರಿದ್ದು. ಹಗಲಿನ ಟ್ವೀಡ್ ಕೋಟಿಗೆ ಜಿಂಕೆ ಕೊಂಬಿನ ಹಿಡಿ ಚೆಂದ. ಇಲ್ಲಿನ ಕೆಂಜಿಂಕೆಗಳು ವರ್ಷಕ್ಕೊಮ್ಮೆ ಕೊಂಬು ಉದುರಿಸುತ್ತವೆ, ಅದಕ್ಕಾಗಿ ಪ್ರಾಣಿಯನ್ನು ಕೊಲ್ಲಬೇಕಾಗಿಲ್ಲ. ಆದರೆ ಊರಿಗೆ ಒಯ್ಯುವ ಯೋಚನೆಯಿದ್ದರೆ ಕೊಂಬು ಬೇಡ ಎನ್ನುತ್ತೇನೆ. ಭಾರತದಲ್ಲಿ 1972ರ ವನ್ಯಜೀವಿ ಕಾಯ್ದೆ ಇದೆ, ವಿಮಾನ ನಿಲ್ದಾಣದಲ್ಲಿ ಇದು ಯಾವ ದೇಶದ ಜಿಂಕೆ ಎಂದು ವಾದಿಸುವ ಪಾಡು ಬೇಡ. ಸಂಜೆಯ ಕಪ್ಪು ಕೋಟಿಗೆ ಕರಿಮರದ ಹಿಡಿ, ಬೆಳ್ಳಿಯ ಕಟ್ಟು, ತುದಿಗೆ ಕೇರ್ನ್‌ಗಾರ್ಮ್ ಕಲ್ಲು. ಅದು ಹೊಗೆಬಣ್ಣದ ಸ್ಫಟಿಕ. ಈಗ ಹೆಚ್ಚಿನವು ಬರಿಯ ಗಾಜು, ಗಾಜಿನ ಬೆಲೆಯನ್ನೇ ಕೊಡಿ. ಬೆಳ್ಳಿ ಎಂದು ಮಾರಿದರೆ ಮುದ್ರೆ ಕೇಳಿ. ಎಡಿನ್‌ಬರೋ ಪರೀಕ್ಷಾಲಯದ ಮುದ್ರೆಯಲ್ಲಿ ಕೋಟೆಯ ಚಿತ್ರವಿರುತ್ತದೆ, ಜೊತೆಗೆ 925 ಎಂಬ ಅಂಕಿ ಇದ್ದರೆ ಸ್ಟರ್ಲಿಂಗ್ ಬೆಳ್ಳಿ. ಹಳೆಯ ದಂತದ ಹಿಡಿಗಳನ್ನು ನಾನು ಮುಟ್ಟುವುದಿಲ್ಲ.

ಬಲಗೈಯವರು ಬಲಗಾಲಿಗೆ, ಎಡಗೈಯವರು ಎಡಗಾಲಿಗೆ ಧರಿಸುತ್ತಾರೆ. ಒರೆಯನ್ನು ಕಾಲುಚೀಲದ ಮಡಿಕೆಯ ಕೆಳಗೆ ಅದನ್ನು ಬಿಗಿಹಿಡಿಯುವ ಪಟ್ಟಿಯೊಳಗೆ ತೂರಿಸಿ, ಆಗ ಜಾರುವುದಿಲ್ಲ.

ಕಾನೂನನ್ನು ಪ್ರತಿ ಗಿರಾಕಿಗೂ ಹೇಳುತ್ತೇನೆ. ಸ್ಕಾಟ್ಲೆಂಡಿನ 1995ರ ಕ್ರಿಮಿನಲ್ ಕಾಯ್ದೆ ಸಾರ್ವಜನಿಕ ಸ್ಥಳದಲ್ಲಿ ಚಾಕು ಒಯ್ಯುವುದನ್ನು ನಿಷೇಧಿಸುತ್ತದೆ, ಆದರೆ ರಾಷ್ಟ್ರೀಯ ಉಡುಪಿನ ಭಾಗವಾಗಿದ್ದರೆ ಆ ಕಾರಣವನ್ನು ಒಪ್ಪುತ್ತದೆ. ಧಾರ್ಮಿಕ ಕಾರಣವನ್ನೂ ಒಪ್ಪುತ್ತದೆ, ಸಿಖ್ಖರ ಕಿರ್ಪಾನಿಗೆ ಅದೇ ಆಧಾರ. ಕಿಲ್ಟ್ ಬಿಚ್ಚಿಟ್ಟು ಜೀನ್ಸ್ ತೊಟ್ಟು ಅದೇ ಚಾಕುವನ್ನು ಕೋಟಿನ ಜೇಬಿಗೆ ಹಾಕಿಕೊಂಡರೆ ಆ ರಕ್ಷಣೆ ಉಳಿಯುವುದಿಲ್ಲ. ವಿಮಾನದಲ್ಲಿ ಕೈಚೀಲಕ್ಕೆ ಹಾಕಬೇಡಿ, ಒಳಗೆ ಕಳಿಸುವ ಪೆಟ್ಟಿಗೆಗೆ ಹಾಕಿ.

ಮನೆಗೆ ಬಂದ ರಾತ್ರಿಯೇ ಚಾಕುವನ್ನು ಒರೆಯಿಂದ ಹಿರಿದು ಒರೆಸಿ. ಹದ ಮಾಡಿದ ಚರ್ಮ ತೇವ ಹೀರಿಕೊಂಡು ಉಕ್ಕನ್ನು ತಿನ್ನುತ್ತದೆ. ತೆಳುವಾಗಿ ಎಣ್ಣೆ ಸವರಿ, ಒರೆಯನ್ನು ಪಕ್ಕಕ್ಕಿಟ್ಟು, ಚಾಕುವನ್ನು ಬೇರೆಯಾಗಿ ಹತ್ತಿಬಟ್ಟೆಯಲ್ಲಿ ಸುತ್ತಿಡಿ.