ಕಾಂಪೌಂಡಿನ ನೆರಳು ಮೂಲೆಗೆ ಯಾವ ಬಳ್ಳಿ?

ಮಂಗಳೂರಿನಲ್ಲಿ ಐದು ಸೆಂಟ್ಸ್ ಜಾಗದಲ್ಲಿ ಮನೆ ಕಟ್ಟಿಸಿದವರಿಗೆ ತೋಟವೆಂದು ಉಳಿಯುವುದು ಹೆಚ್ಚಾಗಿ ಮನೆಯ ಗೋಡೆಗೂ ಕಾಂಪೌಂಡಿಗೂ ನಡುವಿನ ಮೂರ್ನಾಲ್ಕು ಅಡಿಯ ಓಣಿ ಮಾತ್ರ. ಅದರ ಮೂಲೆಗೆ ಪಕ್ಕದ ಹಿತ್ತಿಲ ಹಲಸಿನ ನೆರಳೂ ಬಿದ್ದರೆ, ಅಲ್ಲಿ ಹಬ್ಬಿಸಲು ಮನೆಯವರು ಕೇಳುವುದು ಮಲ್ಲಿಗೆಯನ್ನು, ಇಲ್ಲವೇ ಬೋಗನ್‌ವಿಲ್ಲಾವನ್ನು. ಉಡುಪಿ ಜಿಲ್ಲೆಯ ಶಂಕರಪುರದ ಬೆಳೆಗಾರರು ಮಲ್ಲಿಗೆಯನ್ನು ಬಯಲಿನಲ್ಲಿ ಬೆಳೆಸುವುದಕ್ಕೆ ಕಾರಣವಿದೆ: ನೇರ ಬಿಸಿಲು ಸಿಗದ ಕಡೆ ಇವೆರಡೂ ಉದ್ದುದ್ದ ಕುಡಿ ಚಾಚುತ್ತವೆಯೇ ಹೊರತು ಮೊಗ್ಗು ಹಿಡಿಯುವುದಿಲ್ಲ.

ನೆರಳನ್ನು ಡಿಸೆಂಬರಿನಲ್ಲಿ ನೋಡಿ ತೀರ್ಮಾನಿಸಬಾರದು. ಮನೆಯ ಉತ್ತರ ಬದಿ ಆಗ ಇಡೀ ದಿನ ತಂಪಾಗಿರುತ್ತದೆ; ಆದರೆ ಏಪ್ರಿಲ್ ಕೊನೆಯ ವಾರದಲ್ಲಿ ನಮ್ಮ ನೆತ್ತಿಯ ಮೇಲೆ ಬರುವ ಸೂರ್ಯ ಅಲ್ಲಿಂದ ಆಗಸ್ಟ್ ಮಧ್ಯದವರೆಗೆ ನಡುಹಗಲಲ್ಲೂ ಉತ್ತರಕ್ಕೆ ವಾಲಿರುತ್ತಾನೆ. ಮರದ ಮರೆಯಿಲ್ಲದಿದ್ದರೆ ಮೇ ತಿಂಗಳ ಸುಡುಬಿಸಿಲು ಇದೇ ಮೂಲೆಗೆ ಬಿದ್ದು ನೆರಳಿನ ಗಿಡಗಳ ಎಲೆ ಕಂದುತ್ತದೆ.

ಇದಕ್ಕಿಂತ ದೊಡ್ಡ ತೊಂದರೆ ಮಳೆಗಾಲದ್ದು. ವರ್ಷಕ್ಕೆ 3,500 ಮಿಲಿಮೀಟರಿಗೂ ಮಿಕ್ಕಿ ಮಳೆಯಾಗುವ ನಮ್ಮ ಕರಾವಳಿಯಲ್ಲಿ ಮಾಡಿನ ನೀರು ಬಂದು ಸುರಿಯುವುದೂ ಸಾಮಾನ್ಯವಾಗಿ ಇಂಥ ಮೂಲೆಗೇ. ಆ ನೀರನ್ನು ಪೈಪಿನಲ್ಲಿ ಬೇರೆಡೆಗೆ ತಿರುಗಿಸಿ, ನೆಲವನ್ನು ಅರ್ಧ ಅಡಿ ಎತ್ತರಿಸಿದ ಮೇಲೆಯೇ ಗಿಡದ ಮಾತು.

ಇಷ್ಟಾದ ಬಳಿಕ ನಾನು ಮೊದಲು ಸೂಚಿಸುವುದು ಕಾಳುಮೆಣಸನ್ನು. ಪಶ್ಚಿಮ ಘಟ್ಟದ ಕಾಡಿನ ನೆರಳೇ ಅದರ ತವರು; ಹೊಳೆಯುವ ಹಸಿರು ವರ್ಷವಿಡೀ ಉಳಿಯುತ್ತದೆ, ಸಾರಿಗಾಗುವಷ್ಟು ಕಾಳೂ ಸಿಗುತ್ತದೆ. ನರ್ಸರಿಯಲ್ಲಿ ಮೊದಲು ಕೈಗೆ ಕೊಡುವ ಪಣಿಯೂರು-1 ತಳಿ ದಟ್ಟ ನೆರಳಿಗೆ ಒಗ್ಗದು, ಕರಿಮುಂಡ ಒಗ್ಗುತ್ತದೆ. ಅಡ್ಡರೆಂಬೆಯಿಂದ ಮಾಡಿದ ಸಸಿ ಪೊದೆಯಾಗಿಯೇ ಉಳಿದು ಎಂದಿಗೂ ಏರುವುದಿಲ್ಲವಾದ್ದರಿಂದ, ಬುಡದಿಂದ ನೆಲದ ಮೇಲೆ ಹರಿಯುವ ಕುಡಿಯಿಂದ ಬೇರು ಬರಿಸಿದ ಸಸಿಯೇ ಬೇಕೆಂದು ಕೇಳಿ ಪಡೆಯಬೇಕು.

ಮೆಣಸಿನ ಬಳ್ಳಿ ಗಿಣ್ಣುಗಿಣ್ಣಿಗೂ ಬೇರು ಬಿಟ್ಟು ಅಂಟಿಕೊಳ್ಳುತ್ತದೆ. ಬಣ್ಣ ಬಳಿದ ಗೋಡೆಗೆ ಬಿಟ್ಟರೆ ಮುಂದೆ ಕೀಳುವಾಗ ಬಣ್ಣದ ಹಕ್ಕಳೆಯೂ ಜೊತೆಗೆ ಬರುತ್ತದೆ. ಗೋಡೆಯಿಂದ ಒಂದಡಿ ಬಿಟ್ಟು ದಪ್ಪ ಪಿವಿಸಿ ಪೈಪು ನೆಟ್ಟು, ತೆಂಗಿನ ನಾರಿನ ಹಗ್ಗವನ್ನು ಸಂದಿಲ್ಲದಂತೆ ಸುತ್ತಿದರೆ ಬೇರಿಗೆ ಹಿಡಿತ ಸಿಗುತ್ತದೆ. ನುಣುಪು ಪೈಪಿನ ಮೇಲೆ ಅದು ನಿಲ್ಲದು. ಕಬ್ಬಿಣದ ಬಲೆ ನಮ್ಮ ಉಪ್ಪುಗಾಳಿಗೆ ಬಾಳಿಕೆ ಬಾರದು.

ಇದರ ಶತ್ರು ಶೀಘ್ರ ಸೊರಗು ರೋಗ. ಮಳೆ ಹಿಡಿಯುವ ಮೊದಲೊಮ್ಮೆ, ನಡುವೆ ಬಿಡುವು ಕೊಟ್ಟಾಗ ಮತ್ತೊಮ್ಮೆ ಶೇ. 1ರ ಬೋರ್ಡೋ ದ್ರಾವಣ, ಅಂದರೆ ಲೀಟರಿಗೆ ತಲಾ ಹತ್ತು ಗ್ರಾಂ ಮೈಲುತುತ್ತು ಮತ್ತು ಸುಣ್ಣ, ಸಿಂಪಡಿಸಬೇಕು; ಬಿಳಿ ಗೋಡೆಯಿದ್ದರೆ ಹಳೆಯ ಬಟ್ಟೆ ಇಳಿಬಿಟ್ಟುಕೊಳ್ಳುವುದು ಒಳ್ಳೆಯದು, ಆ ನೀಲಿ ಕಲೆ ಸುಲಭಕ್ಕೆ ಹೋಗದು. ನೆಲಕ್ಕೆ ತಾಗುವ ಕುಡಿಗಳಿಗೆ ಮಣ್ಣಿನಿಂದಲೇ ರೋಗ ಹತ್ತುವುದರಿಂದ ಅವನ್ನು ಮೇ ತಿಂಗಳಲ್ಲೇ ಕತ್ತರಿಸಬೇಕು.

ವೀಳ್ಯದ ಬಳ್ಳಿಯೂ ಅದೇ ಕುಲದ್ದು, ಆರೈಕೆಯೂ ಬಹುಪಾಲು ಅದೇ. ಮನಿ ಪ್ಲಾಂಟ್ ಯಾವ ನೆರಳಿಗೂ ಸೈ ಎನ್ನುತ್ತದೆ, ಆದರೆ ಅದರ ಎಲೆ ಕಚ್ಚಿದರೆ ಬಾಯಿ ಉರಿಯುವುದರಿಂದ ಅಂಬೆಗಾಲಿಡುವ ಮಕ್ಕಳಿರುವ ಮನೆಗೆ ನಾನು ಒಪ್ಪುವುದಿಲ್ಲ. ಹಳದಿ-ಕೆಂಪು ಹೂವಿನ ಸರ ಇಳಿಬಿಡುವ ಮೈಸೂರು ಥನ್‌ಬರ್ಜಿಯಾ ಚೆಲುವೇನೋ ಹೌದು. ಅದಕ್ಕೆ ತಲೆಗಿಂತ ಎತ್ತರದ ಚಪ್ಪರ ಬೇಕು, ಮೂರಡಿಯ ಓಣಿಯಲ್ಲಿ ಆ ಹೂವನ್ನು ನೋಡಲು ಹಿಂದೆ ಸರಿದು ನಿಲ್ಲುವಷ್ಟೂ ಜಾಗವಿರುವುದಿಲ್ಲ.