ಕರಿ ಒಂದು ಎಲ್ಲರ ಶ್ರುತಿಯಲ್ಲ

ವಚನ ಗಾಯನ ಸ್ಪರ್ಧೆ ಹತ್ತಿರ ಬಂದರೆ ಸಾಕು, ಕಲಬುರಗಿಯ ಸಂಗೀತ ತರಗತಿಗಳಲ್ಲಿ ಪಾಲಕರದು ಒಂದೇ ಬೇಡಿಕೆ: "ಇನ್ನೊಂದೆರಡು ಮನಿ ಮ್ಯಾಲ ಹಾಡಸ್ರಿ ಮೇಡಂ, ಮೊಬೈಲ್‌ದಾಗ ಹ್ಯಾಂಗ ಮ್ಯಾಲ ಹತ್ಯಾರ ನೋಡ್ರಿ." ಮಗು ಮಾಲಕಂಸ ರಾಗದ ಕೋಮಲ ನಿಷಾದವನ್ನು (ತುಸು ತಗ್ಗಿದ ನಿ ಸ್ವರವನ್ನು) ಸರಿಯಾಗಿ ಹಿಡಿಯಿತೇ ಎಂದು ಯಾರೂ ಕೇಳುವುದಿಲ್ಲ. ಮನಿ ಎಂದರೆ ಹಾರ್ಮೋನಿಯಂನ ಒಂದೊಂದು ಕೀಲಿ. ಶ್ರುತಿ, ಅಂದರೆ ಹಾಡಿಗೆ ಆಧಾರವಾಗುವ ಸಾ (ಷಡ್ಜ), ಏರಿದಷ್ಟೂ ಹಾಡು ದೊಡ್ಡದಾಯಿತು ಎಂಬ ನಂಬಿಕೆ ಅಷ್ಟು ಗಟ್ಟಿ. ಎಳೆಯ ಗಂಟಲುಗಳನ್ನು ಹಾಳು ಮಾಡುವುದರಲ್ಲಿ ಈ ನಂಬಿಕೆಯ ಪಾಲು ದೊಡ್ಡದು. ಅದಕ್ಕೇ ಈ ಒಂದು ವಿಷಯವನ್ನು ಇಲ್ಲಿ ಎಳೆದೆಳೆದು ಹೇಳುತ್ತೇನೆ.

ನಿಮ್ಮ ಷಡ್ಜ ಯಾವ ಮನೆಯ ಮೇಲೆ ನಿಲ್ಲಬೇಕು ಎಂಬುದನ್ನು ತೀರ್ಮಾನಿಸುವುದು ನಿಮ್ಮ ಧ್ವನಿತಂತುಗಳ ಉದ್ದ ಮತ್ತು ದಪ್ಪ. ಗುರುವಿನ ಹಾರ್ಮೋನಿಯಂಗಾಗಲಿ ಮೊಬೈಲ್‌ನ ಟ್ರ್ಯಾಕಿಗಾಗಲಿ ಆ ಅಧಿಕಾರವಿಲ್ಲ. ಹಾರ್ಮೋನಿಯಂನ ಒಂದು ಸಪ್ತಕದಲ್ಲಿ (ಒಂದು ಸಾದಿಂದ ಮುಂದಿನ ಸಾವರೆಗಿನ ಸಾಲಿನಲ್ಲಿ) ಬಿಳಿ ಮನೆಗಳನ್ನು ಎಡದಿಂದ ಬಿಳಿ 1, ಬಿಳಿ 2 ಎಂದೂ ಕರಿ ಮನೆಗಳನ್ನು ಕರಿ 1, ಕರಿ 2 ಎಂದೂ ಎಣಿಸುತ್ತಾರೆ. ಹಿಂದೂಸ್ತಾನಿಯಲ್ಲಿ ಗಂಡಸರ ಶ್ರುತಿ ಸಾಮಾನ್ಯವಾಗಿ ಬಿಳಿ 1ರಿಂದ ಕರಿ 2ರೊಳಗೆ, ಹೆಂಗಸರದು ಬಿಳಿ 5ರಿಂದ ಕರಿ 5ರೊಳಗೆ ಬರುತ್ತದೆ. ಇದು ಅಂದಾಜು ಮಾತ್ರ. ಗಂಗೂಬಾಯಿ ಹಾನಗಲ್ ಅವರ ಕಂಠ ಟಾನ್ಸಿಲ್ ಶಸ್ತ್ರಚಿಕಿತ್ಸೆಯ ನಂತರ ತಗ್ಗಿಗೆ ಇಳಿಯಿತು. ಆ ತಗ್ಗಿನಲ್ಲೇ ಹಾಡುತ್ತ ಅವರು 2002ರಲ್ಲಿ ಪದ್ಮವಿಭೂಷಣದವರೆಗೆ ಹೋದರು. ಅವರ ಗಾಯನ ಸಣ್ಣದಾಯಿತೆಂದು ಯಾರೂ ಅನ್ನಲಿಲ್ಲ.

ಶ್ರುತಿ ಹುಡುಕಲು ಮನೆಯಲ್ಲೊಂದು ಹಾರ್ಮೋನಿಯಂ ಇದ್ದರೆ ಸಾಕು. ನೆಗಡಿ ಇಲ್ಲದ ದಿನ ನೋಡಿ. ಎದ್ದ ಕೂಡಲೇ ಬೇಡ, ಆಗ ಧ್ವನಿ ಇದ್ದದ್ದಕ್ಕಿಂತ ತಗ್ಗಿನಲ್ಲಿರುತ್ತದೆ. ಹದಿನೈದಿಪ್ಪತ್ತು ನಿಮಿಷ ಮೆಲ್ಲಗೆ ಹಾಡಿ ಗಂಟಲು ತೆರೆದ ಮೇಲೆ ಆಕಾರದಲ್ಲಿ, ಅಂದರೆ "ಆ" ಎನ್ನುತ್ತ, ಒಂದೊಂದೇ ಮನೆ ಇಳಿಯುತ್ತ ಹೋಗಿ. ಗೊರಗೊರ ಎನ್ನದೆ, ಗಾಳಿ ಸೋರದೆ ಏಳೆಂಟು ಸೆಕೆಂಡು ನಿಲ್ಲುವ ಕೊನೆಯ ಸ್ವರ ನಿಮ್ಮ ಮಂದ್ರ ಪಂಚಮ, ಅಂದರೆ ಕೆಳಗಿನ ಸಪ್ತಕದ ಪ. ಅಲ್ಲಿಂದ ಕರಿ, ಬಿಳಿ ಯಾವುದನ್ನೂ ಬಿಡದೆ ಐದು ಮನೆ ಮೇಲೆ ಎಣಿಸಿದರೆ ಷಡ್ಜ ಸಿಗುತ್ತದೆ. ಹುಡುಗಿಯೊಬ್ಬಳ ಕೊನೆಯ ಸ್ವಚ್ಛ ಸ್ವರ ಕರಿ 2 ಎಂದುಕೊಳ್ಳಿ. ಬಿಳಿ 3, ಬಿಳಿ 4, ಕರಿ 3, ಬಿಳಿ 5, ಕರಿ 4: ಅವಳ ಸಾ ಕರಿ 4.

ಇನ್ನು ಮೇಲಿನ ಪರೀಕ್ಷೆ. ಷಡ್ಜದಿಂದ ಹದಿನಾರನೆಯ ಮನೆ ತಾರ ಸಪ್ತಕದ, ಅಂದರೆ ಮೇಲಿನ ಸಪ್ತಕದ, ಶುದ್ಧ ಗಂಧಾರ (ಗ). ಬಹಳಷ್ಟು ವಚನ, ದಾಸರ ಪದಗಳಿಗೆ ಅಲ್ಲಿಯವರೆಗೆ ಹೋದರೆ ಸಾಕು. ಆ ಗಂಧಾರವನ್ನು ಜೋರಾಗಿ ಅಲ್ಲ, ಮಲಗಿದ ಕೂಸು ಏಳದಷ್ಟು ಮೆಲ್ಲಗೆ ಹಾಡಿ ನೋಡಿ. ಮೆಲ್ಲಗೆ ಹಾಡಲು ಬಾರದ ಸ್ವರ ಇನ್ನೂ ನಿಮ್ಮದಾಗಿಲ್ಲ. ಜೋರು ಮಾಡಿದರೆ ಮಾತ್ರ ಬರುತ್ತದೆ ಎಂದರೆ ಅಲ್ಲಿ ಕೆಲಸ ಮಾಡುತ್ತಿರುವುದು ಕುತ್ತಿಗೆಯ ಸ್ನಾಯು. ಗದ್ದ ಮೇಲೇಳುವುದು, ಕುತ್ತಿಗೆಯ ನರ ಉಬ್ಬುವುದು, ಆಕಾರ ಹೋಗಿ "ಏ" ಆಗುವುದು ಎಲ್ಲವೂ ಅದರ ಗುರುತುಗಳೇ. ಎದುರಿಗೆ ಕನ್ನಡಿ ಇಟ್ಟುಕೊಂಡರೆ ಪಾಲಕರಿಗೂ ಕಾಣುತ್ತದೆ. ಹೊಸಬರಿಗೆ ಹದಿನಾರು ಮನೆ ಸಿಗದಿದ್ದರೆ ಷಡ್ಜವನ್ನು ಕದಲಿಸಬೇಡಿ, ತಾರ ಸಾ ದಾಟದ ಹಾಡನ್ನು ಆರಿಸಿಕೊಳ್ಳಿ.

ಹೆಚ್ಚು ಹಾನಿಯಾಗುವುದು ಒಂದೇ ಹಾರ್ಮೋನಿಯಂ ಇರುವ ಗುಂಪು ತರಗತಿಗಳಲ್ಲಿ. ಗುರುಗಳದು ಕರಿ 1. ಎದುರಿಗೆ ಕುಳಿತ ಹುಡುಗಿಯರಿಗೆ ಅವರ ಮಂದ್ರ ಎಟಕುವುದಿಲ್ಲ, ಹಾಗಾಗಿ ಒಂದು ಸಪ್ತಕ ಮೇಲೆ ಹೋಗಿ ಕಿರುಚುತ್ತಾರೆ. ಲೆಕ್ಕ ಹಾಕಿ ನೋಡಿ. ಕರಿ 4ರಲ್ಲಿ ಹಾಡುವ ಹುಡುಗಿಯ ತಾರ ಗಂಧಾರಕ್ಕೆ ಧ್ವನಿತಂತುಗಳು ಸೆಕೆಂಡಿಗೆ ಸುಮಾರು 523 ಸಲ ಬಡಿಯುತ್ತವೆ. ಮೇಲಿನ ಕರಿ 1ರಲ್ಲಿ ಅದೇ ಗಂಧಾರಕ್ಕೆ 698 ಸಲ. ವಾರಗಟ್ಟಲೆ ಹೀಗೆ ಒತ್ತಿ ಬಡಿದರೆ ತಂತುಗಳ ಅಂಚು ಬಾತುಕೊಳ್ಳುತ್ತದೆ, ಮುಂದೆ ಅಲ್ಲೇ ಗಂಟು ಕಟ್ಟುವುದೂ ಉಂಟು. ಪರಿಹಾರ ಕಷ್ಟದ್ದಲ್ಲ. ಕರಿ 1ರ ಪಂಚಮವೇ ಕರಿ 4. ಗುರುಗಳು ತಮ್ಮ ಪಂಚಮವನ್ನು ಹುಡುಗಿಯರಿಗೆ ಷಡ್ಜವಾಗಿ ಕೊಟ್ಟು ಅವರ ಪಾಠ ಬೇರೆ ಮಾಡಬಹುದು. ಮೊಬೈಲ್ ತಂಬೂರಿಯಲ್ಲಿ ಕರಿ 1 ಎಂದರೆ ಸಿ ಶಾರ್ಪ್, ಕರಿ 4 ಎಂದರೆ ಜಿ ಶಾರ್ಪ್.

ಗಂಡುಹುಡುಗರ ಸಂಕಟ ಬೇರೆ. ಹನ್ನೆರಡರಿಂದ ಹದಿನೈದರ ನಡುವೆ ಅವರ ಧ್ವನಿ ಹೆಚ್ಚು ಕಡಿಮೆ ಒಂದು ಸಪ್ತಕ ಇಳಿಯುತ್ತದೆ. "ಹೋದ ವರ್ಷ ಪ್ರೈಜ್ ತಂದಿದ್ದ, ಈಗ ಧ್ವನಿನೇ ಕೆಟ್ಟದರಿ" ಎಂದು ಕ್ಲಾಸು ಬಿಡಿಸುತ್ತಾರೆ. ಧ್ವನಿ ಕೆಟ್ಟಿಲ್ಲ, ಬೆಳೆಯುತ್ತಿದೆ. ಹಳೆಯ ಶ್ರುತಿಗೇ ಅಂಟಿಕೊಂಡರೆ ಮಾತ್ರ ಕೆಡುತ್ತದೆ. ಆ ಕಾಲದಲ್ಲಿ ಎರಡು ಮೂರು ತಿಂಗಳಿಗೊಮ್ಮೆ ಶ್ರುತಿ ಅಳೆಯಿರಿ, ಸಿಗುವ ಐದಾರು ಸ್ವರಗಳಲ್ಲೇ ಅಲಂಕಾರ (ಸ್ವರಗಳ ಅಭ್ಯಾಸ) ಹಾಡಿಸಿ, ತಾಳ ಮತ್ತು ಬಂದಿಶ್‌ಗಳ (ರಾಗದಲ್ಲಿ ಕಟ್ಟಿದ ಹಾಡುಗಳ) ಪಾಠ ಮುಂದುವರಿಸಿ. ಅಷ್ಟು ಒಳ್ಳೆಯ ಹುಡುಗರು ಆ ವಯಸ್ಸಿನಲ್ಲಿ ಹಾಡು ಬಿಟ್ಟುಬಿಡುವುದನ್ನು ನೋಡಿದರೆ ಕರುಳು ಚುರ್ ಎನ್ನುತ್ತದೆ.

ಮೊಬೈಲ್‌ನಲ್ಲಿ ಕೇಳುವ ಹಾಡಿನ ಶ್ರುತಿ ಆ ಗಾಯಕರ ಷಡ್ಜವೇ ಆಗಿರಬೇಕೆಂದಿಲ್ಲ ಎಂಬುದನ್ನೂ ಪಾಲಕರು ತಿಳಿದಿರಬೇಕು. ಮಂದ್ರ, ಮಧ್ಯದಲ್ಲೇ ಹೆಚ್ಚು ಓಡಾಡುವ ಹಾಡಾದರೆ ತಮ್ಮ ಮಧ್ಯಮವನ್ನೇ (ಮ ಸ್ವರವನ್ನೇ) ಷಡ್ಜ ಮಾಡಿಕೊಂಡು ಹಾಡುವ ರೂಢಿಯಿದೆ. ಅದನ್ನು ಕೇಳಿ ಮಗುವಿನ ಖ್ಯಾಲ್ (ರಾಗ ವಿಸ್ತರಿಸುವ ಗಾಯನ) ಕೂಡ ಅಷ್ಟೇ ಮೇಲೆ ಬರಬೇಕೆಂದು ಹಟ ಹಿಡಿದರೆ ಆ ಮಗು ಏನು ಮಾಡಬೇಕು?

ಕಲ್ಲುಸಕ್ಕರೆ, ಜ್ಯೇಷ್ಠಮಧು, ಮೆಣಸಿನ ಕಾಳು ಹೀಗೆ ಒತ್ತಿ ಹಾಡಿ ಕೆಟ್ಟ ಗಂಟಲಿಗೆ ಮದ್ದಲ್ಲ. ನುಂಗಿದ್ದು ಅನ್ನನಾಳಕ್ಕೆ ಹೋಗುತ್ತದೆ, ಧ್ವನಿತಂತುಗಳಿಗೆ ತಾಗಿದರೆ ಕೆಮ್ಮು ಬರುತ್ತದೆ. ಬಾಯಿಗೆ ಹಿತವೆನಿಸಿದರೆ ತಿನ್ನಿ, ಅಷ್ಟೇ. ನಮ್ಮ ಏಪ್ರಿಲ್, ಮೇ ಬಿಸಿಲಿನಲ್ಲಿ ಹಾಡುವ ಅರ್ಧ ತಾಸು ಮೊದಲು ಅಲ್ಲ, ಬೆಳಗಿನಿಂದಲೇ ನೀರು ಕುಡಿಯುತ್ತಿರಬೇಕು. ಊತ ಬಂದಾಗ ಮೊದಲು ಹೋಗುವುದು ಮೇಲಿನ ಮೆಲು ಸ್ವರಗಳು, ಹಾಗಾಗಿ ಮಲಗಿದ ಕೂಸಿನ ಆ ಪರೀಕ್ಷೆಯನ್ನು ಸ್ಪರ್ಧೆಯ ಮರುದಿನವೂ ಮಾಡಿ. ಗಂಟಲು ಒಡೆದದ್ದು ಮೂರು ವಾರವಾದರೂ ಸರಿಹೋಗದಿದ್ದರೆ ಕಿವಿ-ಮೂಗು-ಗಂಟಲು ವೈದ್ಯರು ತಂತುಗಳನ್ನು ನೋಡಲೇಬೇಕು. ಸಂಗೀತ ಕಲಿಸುವವರು ಹೊರಗಿನಿಂದ ಕೇಳಿ ಒಳಗೇನಾಗಿದೆ ಎಂದು ಹೇಳಬಾರದು.

ವೇದಿಕೆಯ ಮೇಲೆ ಇನ್ನೊಂದು ತೊಡಕು, ಒಂದು ಸ್ವರಕ್ಕೆ ಕೂಡಿಸಿದ ತಬಲಾದ್ದು. ತಬಲಾದವರು ಅನ್ನುತ್ತಾರೆ: "ತಬಲಾ ಕರಿ ಒಂದರದ್ದೇ ತಂದೀನ್ರಿ." ಅದಕ್ಕಾಗಿ ಕರಿ 4ರ ಹುಡುಗಿಯನ್ನು ಕದಲಿಸಬೇಕಿಲ್ಲ. ಆ ತಬಲಾ ಅವಳ ಶುದ್ಧ ಮಧ್ಯಮಕ್ಕೆ ಸರಿಯಾಗಿ ಕೂಡುತ್ತದೆ. ದುರ್ಗಾ, ಬಾಗೇಶ್ರೀ, ಮಾಲಕಂಸ ರಾಗಗಳಿಗೆ ನಡೆಯುತ್ತದೆ. ಮಧ್ಯಮವೇ ಇಲ್ಲದ ಭೂಪ, ತೀವ್ರ (ಏರಿದ) ಮಧ್ಯಮದ ಯಮನ್ ಆದರೆ ನಡೆಯದು, ಆಗ ಅಗಲ ಬಾಯಿಯ ಬೇರೆ ತಬಲಾವೇ ಬೇಕು. ಹಿಂದಿನ ದಿನವೇ ತಬಲಾದವರಿಗೆ ಫೋನ್ ಮಾಡಿ ರಾಗ ಯಾವುದು, ಮನೆ ಯಾವುದು ಎರಡನ್ನೂ ಹೇಳಿಬಿಡಿ.